ಹಡಗಿನ ಹಿಂದಿನ ಬಾಲ್ಕನಿ: ಯಾರಿಗೆ ಚಂದ, ಯಾರಿಗೆ ಕಷ್ಟ?

ಮಲ್ಪೆಯ ಸುತ್ತಮುತ್ತ ಓದುವ ನಮಗೆ ಬೋಟು, ಹಡಗು ಹೊಸತೇನಲ್ಲ. ವೀಕೆಂಡ್ ಬಂದರೆ ಬೀಚು, ಊರಿಂದ ನೆಂಟರು ಬಂದರೆ ಸೈಂಟ್ ಮೇರೀಸ್ ದ್ವೀಪ, ಮೀನು ಬೇಕಾದರೆ ಬಂದರು. ಬಂದರಿನ ಪಕ್ಕದಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಮೊದಲು ಟೆಬ್ಮಾ ಅಂತ ಇದ್ದ ಆ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡಿತು. ಈಗ ಅಲ್ಲಿ ಟಗ್‌ಗಳು ತಯಾರಾಗುತ್ತವೆ, ನಾರ್ವೆಯ ಕಂಪನಿಗೆ ಸರಕು ಹಡಗುಗಳೂ ತಯಾರಾಗುತ್ತವೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಪಣಂಬೂರಿನ ನವಮಂಗಳೂರು ಬಂದರು. ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ವಿದೇಶದ ಕ್ರೂಸ್ ಹಡಗುಗಳು ಬರುತ್ತವೆ. ಅದರಿಂದ ಇಳಿದವರು ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿಕೊಂಡು ಸಂಜೆಗೆ ಹಡಗಿಗೆ ವಾಪಸ್ ಹೋಗುತ್ತಾರೆ.

ಆದರೆ ಅಂಥ ಹಡಗಿನಲ್ಲಿ ನಾವೇ ಟಿಕೆಟ್ ತೆಗೆದುಕೊಂಡು ಹೋಗೋದು ಅಂದರೆ ಅದು ಹೊಸ ವಿಷಯ. 2021ರ ಸೆಪ್ಟೆಂಬರಿನಿಂದ ಮುಂಬೈಯಿಂದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಅನ್ನುವ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡಾಡಲು ಶುರು ಮಾಡಿದ ಮೇಲೆ ಕರಾವಳಿಯ ಮನೆಗಳಲ್ಲೂ "ಒಮ್ಮೆ ಹೋಗಿ ಬರುವನಾ?" ಅನ್ನುವ ಮಾತು ಕೇಳಿಬರುತ್ತಿದೆ. ಬುಕ್ ಮಾಡಲು ಕೂತಾಗ ಬರುವ ದೊಡ್ಡ ಪ್ರಶ್ನೆ: ಯಾವ ಕ್ಯಾಬಿನ್? ಅದರಲ್ಲೂ ಹಡಗಿನ ಹಿಂಬದಿಗೆ ಮುಖ ಮಾಡಿರುವ ಬಾಲ್ಕನಿ ಕ್ಯಾಬಿನ್ ಬಗ್ಗೆ ಯೂಟ್ಯೂಬಿನಲ್ಲಿ ಎರಡು ಪಂಗಡ. ಒಂದು ಪಂಗಡ "ಅದೇ ಬೆಸ್ಟ್" ಅನ್ನುತ್ತದೆ, ಇನ್ನೊಂದು "ಅಲ್ಲಿಗೆ ಹೋಗಲೇಬೇಡಿ" ಅನ್ನುತ್ತದೆ. ಇಬ್ಬರೂ ಯಾಕೆ ಅಂತ ಸರಿಯಾಗಿ ಹೇಳೋದಿಲ್ಲ. ಯಾಕೆ ಅನ್ನೋದಕ್ಕೆ ಉತ್ತರ ನಮ್ಮ ಮೊದಲ ವರ್ಷದ ಫಿಸಿಕ್ಸ್ ಮತ್ತು ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳೋದೇ ಈ ಲೇಖನದ ಕೆಲಸ.

ನಮಗೆ ಇದು ಬರೀ ಥಿಯರಿ ಆಗಿರಲಿಲ್ಲ. ನಮ್ಮ ಕ್ಲಾಸಿನ ಒಬ್ಬ ಗೆಳೆಯನ ಮನೆ ಮಲ್ಪೆಯಲ್ಲಿ. ಅವನ ಅಪ್ಪ ಮೂವತ್ತು ವರ್ಷ ಕಡಲಿಗೆ ಹೋದವರು, ಕೊನೆಯ ಹನ್ನೆರಡು ವರ್ಷ ತಾಂಡೇಲರಾಗಿದ್ದರು. ಅಮ್ಮ ಮೀನು ಮಾರಿ ಮಕ್ಕಳನ್ನು ಓದಿಸಿದವರು. ಅವರು ದಡ ಬಿಟ್ಟು ಒಂದು ಸಲವೂ ಕಡಲೊಳಗೆ ಹೋಗಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಅಕ್ಕನಿಗೆ ಇಬ್ಬರನ್ನೂ ಒಮ್ಮೆ ಕ್ರೂಸಿಗೆ ಕಳಿಸಬೇಕು ಅಂತ ಆಸೆ. "ಕಳಿಸೋದಾದರೆ ಒಳ್ಳೆಯದಕ್ಕೇ ಕಳಿಸುವ, ಹಿಂದಿನ ಬಾಲ್ಕನಿಯೇ ಇರಲಿ" ಅಂದಳು. ಮೊದಲ ಸಂಬಳದ ಉಳಿತಾಯದ ದೊಡ್ಡ ಪಾಲು ಅದಕ್ಕೆ ಹೋಗುತ್ತಿತ್ತು. ಆದರೆ ಅಮ್ಮನಿಗೆ ಆಗುಂಬೆ ಘಾಟಿ ಹತ್ತುವಾಗಲೇ ವಾಂತಿ. ಗೆಳೆಯ ನಮ್ಮ ಹತ್ತಿರ ಬಂದು "ನೀವೆಲ್ಲ ಮೆಕ್ಯಾನಿಕಲ್ ಅಲ್ವನಾ, ಲೆಕ್ಕ ಹಾಕಿ ಹೇಳಿ ಮಾರಾಯ್ರೆ" ಅಂದ. ನಾವು ಹಾಕಿದ ಲೆಕ್ಕ ಮುಂದಿದೆ.

ಬಸ್ಸಿನ ಕೊನೆಯ ಸೀಟು ಯಾಕೆ ಹಾರುತ್ತದೆ?

ಕರಾವಳಿಯ ಪ್ರೈವೇಟ್ ಬಸ್ಸಿನಲ್ಲಿ ಓಡಾಡಿದ ಎಲ್ಲರಿಗೂ ಗೊತ್ತಿರುವ ವಿಷಯ ಇದು. ಹಂಪ್ ಬಂದಾಗ ನಡುವಿನ ಸೀಟಿನವರು ಸುಮ್ಮನೆ ಕೂತಿರುತ್ತಾರೆ, ಕೊನೆಯ ಸೀಟಿನವರ ತಲೆ ಮೇಲೆ ತಾಗುತ್ತದೆ. ಬಸ್ಸು ಹಿಂದೆ ಮುಂದೆ ತೂಗುವಾಗ ನಡುವೆ ಎಲ್ಲೋ ಒಂದು ಜಾಗ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ದೂರ ಹೋದಷ್ಟೂ ಮೇಲೆ ಕೆಳಗೆ ಆಗೋದು ಜಾಸ್ತಿ. ಮಕ್ಕಳು ಆಡುವ ಸೀಸಾ ನೆನಪು ಮಾಡಿಕೊಳ್ಳಿ, ಅಷ್ಟೇ.

ಹಡಗೂ ಹಾಗೇ. ಕಡಲಿನಲ್ಲಿ ಹಡಗಿಗೆ ಆರು ರೀತಿಯ ಚಲನೆ ಇರುತ್ತದೆ. ಮೂರು ಸರಿಯುವುದು: ಮುಂದೆ ಹಿಂದೆ, ಎಡ ಬಲ, ಮೇಲೆ ಕೆಳಗೆ. ಮೂರು ತಿರುಗುವುದು: ಎಡಕ್ಕೂ ಬಲಕ್ಕೂ ವಾಲುವ ರೋಲ್, ಮೂತಿ ಎದ್ದು ಹಿಂಭಾಗ ಇಳಿಯುವ ಪಿಚ್, ಮೂತಿ ಎಡಬಲ ತಿರುಗುವ ಯಾ. ಕ್ಯಾಬಿನ್ ಆರಿಸುವಾಗ ನಮಗೆ ಮುಖ್ಯವಾಗಿ ಬೇಕಾದದ್ದು ರೋಲ್ ಮತ್ತು ಪಿಚ್.

ರೋಲ್ ಎತ್ತರಕ್ಕೆ ಸಂಬಂಧಿಸಿದ್ದು. ಮೇಲಿನ ಡೆಕ್‌ಗೆ ಹೋದಷ್ಟೂ ತೊನೆದಾಟ ಜಾಸ್ತಿ. ತೆಂಗಿನ ಮರದ ಬುಡ ಅಲ್ಲಾಡೋದಿಲ್ಲ, ತಲೆ ಅಲ್ಲಾಡುತ್ತೆ, ಹಾಗೆ. ಪಿಚ್ ಉದ್ದಕ್ಕೆ ಸಂಬಂಧಿಸಿದ್ದು. ನಡುವಿನಿಂದ ದೂರ ಹೋದಷ್ಟೂ ಏರಿಳಿತ ಜಾಸ್ತಿ.

ಇಲ್ಲಿ ಒಂದು ಮುಖ್ಯ ಪಾಯಿಂಟ್ ಇದೆ. ಕ್ರೂಸ್ ಕಂಪನಿಗಳು "ನಮ್ಮ ಹಡಗಿಗೆ ಸ್ಟೆಬಿಲೈಸರ್ ಇದೆ" ಅಂತ ಹೇಳಿಕೊಳ್ಳುತ್ತವೆ. ಅದು ನಿಜವೇ. ನೀರಿನೊಳಗೆ ಹಡಗಿನ ಎರಡೂ ಬದಿಗೆ ಮೀನಿನ ರೆಕ್ಕೆ ತರಹ ಚಾಚಿಕೊಂಡಿರುವ ಫಿನ್‌ಗಳು ಅವು. ಆದರೆ ಅವು ಕಡಿಮೆ ಮಾಡೋದು ರೋಲ್ ಅನ್ನು ಮಾತ್ರ. ಪಿಚ್ ತಡೆಯೋಕೆ ಅವುಗಳಿಂದ ಆಗೋದಿಲ್ಲ, ಯಾಕಂದ್ರೆ ಇನ್ನೂರು ಮೀಟರ್ ಉದ್ದದ ಹಡಗನ್ನು ಉದ್ದಕ್ಕೆ ತಿರುಗದಂತೆ ಹಿಡಿಯಲು ಬೇಕಾದ ಬಲ ತುಂಬಾ ದೊಡ್ಡದು. ಅಂದರೆ ಹಿಂದಿನ ಬಾಲ್ಕನಿಯವರಿಗೆ ತೊಂದರೆ ಕೊಡುವ ಚಲನೆಗೆ ಸ್ಟೆಬಿಲೈಸರ್ ಹತ್ತಿರ ಮದ್ದಿಲ್ಲ.

ಲೆಕ್ಕ ಹಾಕಿ ನೋಡುವ

ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಉದ್ದ ಸುಮಾರು 211 ಮೀಟರ್. ನಮ್ಮ ಲೆಕ್ಕಕ್ಕೆ ಸುಲಭವಾಗಲಿ ಅಂತ 200 ಮೀಟರ್ ಹಡಗು ಅಂದುಕೊಳ್ಳುವ. ಹಡಗು ಪಿಚ್ ಆಗುವಾಗ ಸರಿಯಾಗಿ ನಡುವಿನ ಸುತ್ತ ತೂಗೋದಿಲ್ಲ. ಹಿಂಭಾಗ ಅಗಲ, ಮೂತಿ ಚೂಪು ಇರೋದರಿಂದ ಆ ಜಾಗ ನಡುವಿಗಿಂತ ಸ್ವಲ್ಪ ಹಿಂದಕ್ಕೆ ಇರುತ್ತದೆ. 10 ಮೀಟರ್ ಹಿಂದೆ ಅಂತ ಇಟ್ಟುಕೊಂಡರೆ, ಅಲ್ಲಿಂದ ಹಿಂದಿನ ತುದಿ 90 ಮೀಟರ್, ಮೂತಿ 110 ಮೀಟರ್.

ಈಗ ಕಡಲು ಸ್ವಲ್ಪ ಎದ್ದ ದಿನ, ಹಡಗು 1 ಡಿಗ್ರಿ ಮಾತ್ರ ಪಿಚ್ ಆಗ್ತಾ ಇದೆ ಅಂದುಕೊಳ್ಳಿ. 1 ಡಿಗ್ರಿಯ ಸೈನ್ 0.0175.

ಹಿಂದಿನ ತುದಿ: 90 × 0.0175 = ಸುಮಾರು 1.57 ಮೀಟರ್ ಮೇಲೆ, ಅಷ್ಟೇ ಕೆಳಗೆ.
ಮೂತಿ: 110 × 0.0175 = ಸುಮಾರು 1.92 ಮೀಟರ್.
ನಡುವಿನ ಕ್ಯಾಬಿನ್ (ತೂಗುವ ಜಾಗದಿಂದ 15 ಮೀಟರ್ ದೂರ): ಸುಮಾರು 0.26 ಮೀಟರ್.

ಒಂದೇ ಒಂದು ಡಿಗ್ರಿಗೆ ಹಿಂದಿನ ಬಾಲ್ಕನಿಯ ಕುರ್ಚಿ ಒಟ್ಟು ಮೂರು ಮೀಟರ್ ಮೇಲೆ ಕೆಳಗೆ ಹೋಗುತ್ತದೆ. ಅಂದರೆ ಮನೆಯ ಒಂದು ಮಹಡಿ. ನಡುವಿನವರು ಅರ್ಧ ಮೀಟರಿನಲ್ಲಿ ಮುಗಿಸುತ್ತಾರೆ.

ಆದರೆ ದೂರ ಮಾತ್ರ ಹೊಟ್ಟೆ ತೊಳಸೋದಿಲ್ಲ. ಲಿಫ್ಟಿನಲ್ಲಿ ನಾವು ಹತ್ತು ಮಹಡಿ ಹೋದರೂ ಏನೂ ಆಗೋದಿಲ್ಲ. ತೊಂದರೆ ಕೊಡೋದು ವೇಗೋತ್ಕರ್ಷ, ಅದೂ ನಿಧಾನವಾಗಿ ಮತ್ತೆ ಮತ್ತೆ ದಿಕ್ಕು ಬದಲಿಸುವ ವೇಗೋತ್ಕರ್ಷ. ಒಂದು ಸಲ ಮೇಲೆ ಹೋಗಿ ಕೆಳಗೆ ಬರಲು 8 ಸೆಕೆಂಡ್ ಅಂದುಕೊಂಡರೆ, ಸಿಂಪಲ್ ಹಾರ್ಮೋನಿಕ್ ಮೋಷನ್ ಸೂತ್ರದಂತೆ (ಒಮೆಗಾ ವರ್ಗ ಗುಣಿಸು ಆಂಪ್ಲಿಟ್ಯೂಡ್) ಹಿಂದಿನ ತುದಿಯಲ್ಲಿ ಗರಿಷ್ಠ ಸುಮಾರು 0.97 ಮೀ/ಸೆ², ಮೂತಿಯಲ್ಲಿ 1.18, ನಡುವೆ 0.16. ಹಿಂದಿನ ತುದಿಯಲ್ಲಿ ಸಿಗುವುದು ಗುರುತ್ವಾಕರ್ಷಣೆಯ ಹತ್ತನೇ ಒಂದು ಭಾಗ. ನಾಲ್ಕು ಸೆಕೆಂಡಿಗೊಮ್ಮೆ ನಿಮ್ಮ ತೂಕ ಹತ್ತು ಪರ್ಸೆಂಟ್ ಹೆಚ್ಚು, ಮತ್ತೆ ನಾಲ್ಕು ಸೆಕೆಂಡಿಗೆ ಹತ್ತು ಪರ್ಸೆಂಟ್ ಕಡಿಮೆ. ರಾತ್ರಿ ಇಡೀ ಇದೇ.

ಇದರಿಂದ ಎಷ್ಟು ಜನ ಕಾರುತ್ತಾರೆ ಅಂತ ಅಂದಾಜು ಮಾಡಲೂ ಒಂದು ದಾರಿ ಇದೆ. ಐಎಸ್‌ಒ 2631 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೋಷನ್ ಸಿಕ್‌ನೆಸ್ ಡೋಸ್ ಅನ್ನುವ ಲೆಕ್ಕ ಇದೆ. ವೇಗೋತ್ಕರ್ಷದ ಆರ್‌ಎಂಎಸ್ ಬೆಲೆಯನ್ನು, ಅದು ಎಷ್ಟು ಸೆಕೆಂಡ್ ನಡೆಯಿತು ಅನ್ನುವುದರ ವರ್ಗಮೂಲದಿಂದ ಗುಣಿಸಬೇಕು. ಬಂದ ಡೋಸಿನ ಮೂರನೇ ಒಂದು ಭಾಗ ಅಂದರೆ, ಅಭ್ಯಾಸ ಇಲ್ಲದ 100 ಜನರಲ್ಲಿ ಎಷ್ಟು ಮಂದಿಗೆ ವಾಂತಿ ಆಗಬಹುದು ಅನ್ನುವ ಅಂದಾಜು. ಇದರಲ್ಲಿ ಫ್ರೀಕ್ವೆನ್ಸಿಗೂ ತೂಕ ಇದೆ. ಸೆಕೆಂಡಿಗೆ 0.2 ಸಲದ ಹತ್ತಿರ, ಅಂದರೆ ಐದಾರು ಸೆಕೆಂಡಿಗೊಮ್ಮೆ ಬರುವ ಏರಿಳಿತ ನಮ್ಮ ಹೊಟ್ಟೆಗೆ ಅತಿ ಕೆಟ್ಟದ್ದು. ನಮ್ಮ 8 ಸೆಕೆಂಡಿನ ಏರಿಳಿತಕ್ಕೆ ಆ ತೂಕ ಸುಮಾರು 0.9.

ಎರಡು ಗಂಟೆ ಇದೇ ಅಲ್ಲಾಟ ಮುಂದುವರಿದರೆ ನಮಗೆ ಬಂದ ಉತ್ತರ: ಮೂತಿಯಲ್ಲಿ 100ಕ್ಕೆ 21, ಹಿಂದಿನ ತುದಿಯಲ್ಲಿ 17, ನಡುವೆ 3. ಬರೀ ಪಿಚ್ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ಸರಳ ಅಂದಾಜು ಇದು. ನಿಜವಾದ ಹಡಗಿನಲ್ಲಿ ಇಡೀ ಹಡಗೇ ಮೇಲೆ ಕೆಳಗೆ ಆಗುವುದೂ ಸೇರುತ್ತದೆ. ಆದರೆ ಮೂರು ಜಾಗಗಳ ನಡುವಿನ ವ್ಯತ್ಯಾಸ ತೋರಿಸಲು ಇಷ್ಟು ಸಾಕು. ಹಿಂಭಾಗ ಮೂತಿಗಿಂತ ಪರವಾಗಿಲ್ಲ, ನಡುವಿಗೆ ಹೋಲಿಸಿದರೆ ತುಂಬಾ ಕಷ್ಟ.

ಈಗ ಅದೇ ಲೆಕ್ಕವನ್ನು ಶಾಂತ ಕಡಲಿಗೆ ಹಾಕಿ. ಪಿಚ್ 1 ಡಿಗ್ರಿ ಬದಲು 0.2 ಡಿಗ್ರಿ. ಹಿಂದಿನ ತುದಿಯಲ್ಲೂ 100ಕ್ಕೆ ಮೂರು ಮೂರೂವರೆ ಜನ ಅಷ್ಟೇ. ಅಂದರೆ ಕಡಲು ಎದ್ದ ದಿನ ನಡುವಿನಲ್ಲಿ ಎಷ್ಟೋ, ಶಾಂತ ದಿನ ಹಿಂಭಾಗದಲ್ಲೂ ಅಷ್ಟೇ. ಈ ಉತ್ತರ ಬಂದಾಗ ನಮಗೆ ಅರ್ಥವಾಗಿದ್ದು: ಕ್ಯಾಬಿನ್ ಆರಿಸುವ ಮೊದಲು ತಿಂಗಳು ಆರಿಸಬೇಕು.

ತಿಂಗಳು ಯಾವುದು ಅಂತ ಮಲ್ಪೆಗೆ ಗೊತ್ತು

ಇದಕ್ಕೆ ಗೂಗಲ್ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಹಾಕುವ ಕಾಲ ಅನ್ನೋದು ಒಂದು ಕಾರಣ, ಕಡಲು ಎದ್ದಿರುತ್ತದೆ ಅನ್ನೋದೂ ನಿಜ. ಆಮೇಲೆ ಸಮುದ್ರ ಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ ಬೋಟುಗಳು ಇಳಿಯುತ್ತವೆ. ಮಳೆಗಾಲದಲ್ಲಿ ಸೈಂಟ್ ಮೇರೀಸ್ ದ್ವೀಪದ ಬೋಟುಗಳೂ ನಿಲ್ಲುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅರಬ್ಬಿ ಸಮುದ್ರ ನಮ್ಮ ಕಡೆ ಸಾಮಾನ್ಯವಾಗಿ ಶಾಂತ. ಮೇ ತಿಂಗಳು, ಅಕ್ಟೋಬರ್, ನವೆಂಬರ್ ಕಡೆ ತೂಫಾನಿನ ಭಯ ಇರುತ್ತದೆ. ಮಲ್ಪೆ ಬೀಚಿನ ತೇಲುವ ಸೇತುವೆ ನೆನಪಿದೆಯಾ? 2022ರ ಮೇ ತಿಂಗಳಲ್ಲಿ ತೆರೆದು ಕೆಲವೇ ದಿನಗಳಲ್ಲಿ ಅಲೆಯ ಹೊಡೆತಕ್ಕೆ ಅದಕ್ಕೆ ಹಾನಿಯಾಗಿತ್ತು. ದಡದ ಹತ್ತಿರವೇ ಹಾಗಾದರೆ ನಡುಗಡಲಿನ ಮಾತು ಹೇಳಬೇಕಾಗಿಲ್ಲ.

ಗೆಳೆಯನ ಅಪ್ಪನ ಹತ್ತಿರ ನಮ್ಮ ಲೆಕ್ಕ ತೋರಿಸಿದಾಗ ಅವರು ನಕ್ಕರು. "ಇದಕ್ಕೆ ಇಷ್ಟು ಲೆಕ್ಕ ಎಂತಕ್ಕೆ? ಹೊಸ ಹುಡುಗ ಬೋಟಿಗೆ ಬಂದರೆ ನಾವು ಅವನನ್ನು ಮುಂದೆ ಮಲಗಿಸುವುದಿಲ್ಲ. ನಡುವೆ ಮಲಗು, ದಡ ಕಾಣುವಷ್ಟು ಹೊತ್ತು ದಡ ನೋಡು ಅಂತ ಹೇಳುವುದು" ಅಂದರು. ಅವರ ಎರಡನೇ ಮಾತಿಗೂ ಕಾರಣ ಇದೆ. ಒಳಕಿವಿ "ನಾವು ಅಲ್ಲಾಡ್ತಾ ಇದ್ದೇವೆ" ಅನ್ನುತ್ತದೆ, ಮುಚ್ಚಿದ ಕೋಣೆಯೊಳಗೆ ಕಣ್ಣು "ಏನೂ ಅಲ್ಲಾಡ್ತಾ ಇಲ್ಲ" ಅನ್ನುತ್ತದೆ. ಈ ಜಗಳದಿಂದಲೇ ತಲೆ ಸುತ್ತು. ದೂರದ ದಡವನ್ನೋ ದಿಗಂತವನ್ನೋ ನೋಡಿದಾಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಹಾಗಾಗಿ ಬಾಲ್ಕನಿ ಇರೋದು ಒಳ್ಳೆಯದೇ. ಆದರೆ ರಾತ್ರಿ ಕತ್ತಲಲ್ಲಿ ದಿಗಂತ ಕಾಣೋದಿಲ್ಲ, ಆಗ ಕ್ಯಾಬಿನ್ ಇರುವ ಜಾಗವೇ ಗತಿ.

ಸದ್ದು, ನಡುಕ, ಹೊಗೆ

ಹಿಂಭಾಗದ ಕೆಳಗೇ ಪ್ರೊಪೆಲ್ಲರ್. ಅದರ ಒಂದೊಂದು ಎಲೆ ಹಡಗಿನ ತಳದ ಹತ್ತಿರ ಹಾದುಹೋದಾಗಲೂ ನೀರಿನ ಒತ್ತಡ ತಳಕ್ಕೆ ಗುದ್ದುತ್ತದೆ. ನಿಮಿಷಕ್ಕೆ 120 ಸುತ್ತು, 4 ಎಲೆ ಅಂದರೆ ಸೆಕೆಂಡಿಗೆ 8 ಗುದ್ದು. ಕಿವಿಗೆ ಸರಿಯಾಗಿ ಕೇಳಿಸದಿದ್ದರೂ ಹಾಸಿಗೆಯಲ್ಲಿ, ಟೇಬಲ್ ಮೇಲಿನ ಗ್ಲಾಸಿನಲ್ಲಿ ಗೊತ್ತಾಗುತ್ತದೆ. ಕೆಳಗಿನ ಡೆಕ್‌ಗಳಲ್ಲಿ ಜಾಸ್ತಿ, ಮೇಲೆ ಹೋದಂತೆ ಕಮ್ಮಿ. ಹೊಸ ಹಡಗುಗಳಲ್ಲಿ ಮೋಟಾರನ್ನು ಹೊರಗೆ ಗೂಡಿನಲ್ಲಿಟ್ಟು ನೇತುಹಾಕಿರುವ ಪಾಡ್ ವ್ಯವಸ್ಥೆ ಇರೋದರಿಂದ ನಡುಕ ಕಮ್ಮಿ. ಬಂದರಿಗೆ ಸೇರುವ ಬೆಳಗಿನ ಜಾವ ಹಡಗನ್ನು ಬದಿಗೆ ಸರಿಸುವ ಥ್ರಸ್ಟರ್ ಚಾಲೂ ಆದರೆ ಹತ್ತಿರದ ಕ್ಯಾಬಿನಿನವರಿಗೆ ಅಲಾರಂ ಬೇಡ.

ನಮ್ಮೂರಿನ ಎಷ್ಟೋ ಮನೆಗಳಲ್ಲಿ "ಮಗ ಶಿಪ್ಪಿನಲ್ಲಿ ಇದ್ದಾನೆ" ಅನ್ನುವವರಿದ್ದಾರೆ. ಅವರನ್ನು ಕೇಳಿ ನೋಡಿ. ಹೆಚ್ಚಿನ ಸರಕು ಹಡಗುಗಳಲ್ಲಿ ಸಿಬ್ಬಂದಿ ಮಲಗೋದು ಹಿಂಭಾಗದಲ್ಲೇ, ಇಂಜಿನ್ನಿನ ಮೇಲೆ. ನಡುವಿನ ಜಾಗ ಪೂರ್ತಿ ಸರಕಿಗೆ ಬೇಕು. ಇಂಜಿನ್ ಹಿಂದೆ ಇದ್ದರೆ ಪ್ರೊಪೆಲ್ಲರಿಗೆ ಹೋಗುವ ಶಾಫ್ಟ್ ಗಿಡ್ಡದಾಗುತ್ತದೆ. ಅಲ್ಲಿ ಮನುಷ್ಯನ ನಿದ್ದೆಗಿಂತ ಸರಕಿಗೆ ಬೆಲೆ. ಕ್ರೂಸ್ ಹಡಗಿನಲ್ಲಿ ಅದೇ ಹಿಂಭಾಗಕ್ಕೆ ಬಾಲ್ಕನಿ ಇಟ್ಟು ನಮ್ಮಿಂದ ಹೆಚ್ಚು ದುಡ್ಡು ತೆಗೆದುಕೊಳ್ಳುತ್ತಾರೆ!

ಇನ್ನು ಗಾಳಿ. ಇಲ್ಲಿ ಹಿಂದಿನ ಬಾಲ್ಕನಿಗೆ ದೊಡ್ಡ ಪ್ಲಸ್ ಪಾಯಿಂಟ್ ಇದೆ. ಹಡಗು 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿ.ಮೀ. ವೇಗದಲ್ಲಿ ಹೋಗ್ತಾ ಇದ್ದರೆ ಬದಿಯ ಬಾಲ್ಕನಿಯಲ್ಲಿ ಸ್ಕೂಟರಿನಲ್ಲಿ ಕೂತ ಹಾಗೆ ಗಾಳಿ. ಹಿಂದಿನ ಬಾಲ್ಕನಿಗೆ ಇಡೀ ಹಡಗೇ ಗೋಡೆಯಾಗಿ ನಿಲ್ಲುತ್ತದೆ, ಕೂತು ಚಹಾ ಕುಡಿಯಬಹುದು. ಆದರೆ ಹಿಂದಿನಿಂದ ಅದೇ 18 ನಾಟ್ ಗಾಳಿ ಬೀಸಿದರೆ ವೆಕ್ಟರ್ ಲೆಕ್ಕದಲ್ಲಿ ಹಡಗಿನ ಮೇಲೆ ಗಾಳಿ ಸೊನ್ನೆ. ಆಗ ಚಿಮಣಿಯ ಹೊಗೆ ಎಲ್ಲಿಗೂ ಹೋಗದೆ ಅಲ್ಲೇ ಸುತ್ತಾಡುತ್ತದೆ. ಚಿಮಣಿ ಸಾಮಾನ್ಯವಾಗಿ ಹಿಂಭಾಗದ ಕಡೆಗೇ ಇರುತ್ತದೆ. ಬೆಳಿಗ್ಗೆ ಬಾಲ್ಕನಿಯ ಕುರ್ಚಿಯ ಮೇಲೆ ಕಪ್ಪು ಚುಕ್ಕಿ ಕಂಡರೆ ಅದು ಮಸಿ. ಬಿಳಿ ಪಂಚೆ ಉಟ್ಟು ಕೂರುವ ಮೊದಲು ಒಮ್ಮೆ ಒರೆಸಿಕೊಳ್ಳಿ.

ಸೂರ್ಯಾಸ್ತ ಕಾಣುತ್ತಾ?

"ಹಿಂದಿನ ಬಾಲ್ಕನಿಯಿಂದ ಸೂರ್ಯಾಸ್ತ ಸೂಪರ್" ಅಂತ ಎಲ್ಲರೂ ಹೇಳುತ್ತಾರೆ. ಮುಂಬೈ–ಗೋವಾ ದಾರಿಗೆ ನಾವು ಕೋನ ಹಾಕಿ ನೋಡಿದೆವು.

ಮುಂಬೈಯಿಂದ ಗೋವಾಕ್ಕೆ ಸುಮಾರು 400 ಕಿ.ಮೀ. ದಿಕ್ಕು ದಕ್ಷಿಣ, ಸ್ವಲ್ಪ ಪೂರ್ವಕ್ಕೆ ವಾಲಿದ್ದು. ಉತ್ತರವನ್ನು 0 ಅಂತ ಇಟ್ಟು ಗಡಿಯಾರದ ದಿಕ್ಕಿನಲ್ಲಿ ಅಳೆದರೆ ಸುಮಾರು 165 ಡಿಗ್ರಿ. ಹಿಂದಿನ ಬಾಲ್ಕನಿ ಅದರ ಎದುರು ದಿಕ್ಕಿಗೆ, ಅಂದರೆ 345 ಡಿಗ್ರಿಗೆ ಮುಖ ಮಾಡಿರುತ್ತದೆ. ಅಲ್ಲಿಂದ ಕಾಣೋದು ಆಚೆ ಈಚೆ 90 ಡಿಗ್ರಿ: 255ರಿಂದ 75ರವರೆಗೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗೋದು ನೇರ ಪಶ್ಚಿಮದಲ್ಲಿ ಅಲ್ಲ, ಸುಮಾರು 245 ಡಿಗ್ರಿಯಲ್ಲಿ. ಅಂದರೆ ಹೋಗುವಾಗ ಸೂರ್ಯ ಹಡಗಿನ ಮರೆಯಲ್ಲಿ ಮುಳುಗುತ್ತಾನೆ, ಹಿಂದಿನ ಬಾಲ್ಕನಿಗೆ ಕಾಣೋದಿಲ್ಲ!

ವಾಪಸ್ ಬರುವಾಗ ಉಲ್ಟಾ. ಬಾಲ್ಕನಿಯ ಮುಖ 165 ಡಿಗ್ರಿಗೆ, ಕಾಣೋದು 75ರಿಂದ 255. ಸೂರ್ಯ ಹುಟ್ಟುವ 115 ಡಿಗ್ರಿಯೂ ಒಳಗೆ, ಮುಳುಗುವ 245 ಡಿಗ್ರಿಯೂ ಬಲಗಡೆಯ ಅಂಚಿನಲ್ಲಿ ಒಳಗೆ. ಹಗಲಿನಲ್ಲಿ ಪ್ರಯಾಣ ಇದ್ದರೆ ಒಂದೇ ಕುರ್ಚಿಯಲ್ಲಿ ಎರಡೂ ಸಿಗುತ್ತದೆ, ಆದರೆ ವಾಪಸ್ ಬರುವಾಗ ಮಾತ್ರ. ಬದಿಯ ಬಾಲ್ಕನಿಯವರಿಗೆ ಒಂದು ಹೋಗುವಾಗ ಸಿಕ್ಕರೆ ಇನ್ನೊಂದು ಬರುವಾಗ. ಬುಕ್ ಮಾಡುವ ಮುಂಚೆ ಮ್ಯಾಪ್ ಮತ್ತು ಟೈಮ್‌ಟೇಬಲ್ ಇಟ್ಟುಕೊಂಡು ಈ ಲೆಕ್ಕ ಹಾಕಿದರೆ ಬೇಜಾರಾಗೋದು ತಪ್ಪುತ್ತದೆ.

ಹಿಂದಿನ ಬಾಲ್ಕನಿಗೇ ಮೀಸಲಾದ ನೋಟ ಬೇರೆಯೇ. ಹಡಗು ಬಿಟ್ಟು ಬಂದ ನೀರಿನ ದಾರಿ, ಮತ್ತು ದೂರ ಸರಿಯುವ ದಡ. ಕಣ್ಣಿನ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿ.ಮೀ. ದೂರ ಅಂತ ಸಿಗುತ್ತದೆ. ಮಲ್ಪೆ ಬೀಚಿನಲ್ಲಿ ನಿಂತವರಿಗೆ ಅದು ಸುಮಾರು ನಾಲ್ಕೂವರೆ ಕಿ.ಮೀ. ಆರೇಳು ಕಿ.ಮೀ. ದೂರದ ಸೈಂಟ್ ಮೇರೀಸ್ ನಮಗೆ ಕಾಣೋದು ಅಲ್ಲಿನ ತೆಂಗಿನ ಮರಗಳು ಎತ್ತರ ಇರೋದರಿಂದ. 20 ಮೀಟರ್ ಎತ್ತರದ ಬಾಲ್ಕನಿಗೆ ದಿಗಂತ 16 ಕಿ.ಮೀ. ಅಷ್ಟು ದೂರ ಹೋದ ಮೇಲೆ ಮೊದಲು ಮರಳು ಮುಳುಗುತ್ತದೆ, ಆಮೇಲೆ ಮನೆಗಳು, ಆಮೇಲೆ ತೆಂಗಿನ ತಲೆ. 1901ರಲ್ಲಿ ಕಟ್ಟಿದ ಕಾಪು ಲೈಟ್‌ಹೌಸ್ ಅಷ್ಟು ಎತ್ತರಕ್ಕೆ ಇರೋದೂ ಇದೇ ಕಾರಣಕ್ಕೆ. ಕೊನೆಗೆ ಉಳಿಯೋದು ಘಟ್ಟದ ಸಾಲು.

ಆ ಮನೆಯವರು ಏನು ಮಾಡಿದರು?

ಲೆಕ್ಕ ಎಲ್ಲ ಆದ ಮೇಲೆ ನಮ್ಮ ಉತ್ತರ ಸುಲಭ ಅಂತ ಅನಿಸಿತ್ತು: ವಾಂತಿ ಆಗುವವರಿಗೆ ನಡುವಿನ ಕ್ಯಾಬಿನ್, ಮುಗೀತು. ಆಗ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಅಮ್ಮನನ್ನು ಯಾರೂ ಕೇಳಿಲ್ಲ ಅಂತ ಅಕ್ಕನಿಗೆ ನೆನಪಾಯಿತು. ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಮೂವತ್ತು ವರ್ಷ ಇವರು ಹೋಗುವುದನ್ನು ನಾನು ದಡದಲ್ಲಿ ನಿಂತು ನೋಡಿದ್ದು. ಬೋಟಿನಿಂದ ನೋಡಿದರೆ ನಾವು ಹೇಗೆ ಕಾಣ್ತೇವೆ ಅಂತ ಒಮ್ಮೆ ನೋಡಬೇಕು ಅಂತ ಉಂಟು. ಅದು ಯಾವ ರೂಮಿನಿಂದ ಕಾಣ್ತದೆ, ನೋಡಿ."

ಅದು ಕಾಣೋದು ಹಿಂದಿನಿಂದಲೇ! ನಮ್ಮ ಟೇಬಲಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಎರಡನ್ನೂ ಬೇರೆ ಮಾಡಿ ನೋಡಿದಾಗ ದಾರಿ ಸಿಕ್ಕಿತು. ಮಲಗಲು ಬೇಕಾದದ್ದು ಏಳೆಂಟು ಗಂಟೆ, ಅದೂ ಕತ್ತಲಲ್ಲಿ. ಅದಕ್ಕೆ ನಡುವಿನ, ಕೆಳಗಿನ ಡೆಕ್‌ನ ಕ್ಯಾಬಿನ್. ದಡ ದೂರ ಸರಿಯೋದನ್ನು ನೋಡಲು ಬೇಕಾದದ್ದು ಒಂದು ಗಂಟೆ, ಹಡಗು ಹೊರಡುವ ಹೊತ್ತಿಗೆ. ಹೆಚ್ಚಿನ ಕ್ರೂಸ್ ಹಡಗುಗಳಲ್ಲಿ ಹಿಂಭಾಗದಲ್ಲಿ ಎಲ್ಲರಿಗೂ ತೆರೆದ ಡೆಕ್ ಇರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಬಂದರಿನಿಂದ ಹೊರಡುವಾಗ ನೀರು ಶಾಂತವಾಗಿರುವುದರಿಂದ ವಾಂತಿಯ ಭಯವೂ ಕಮ್ಮಿ. ಅಪ್ಪ ತಿಂಗಳು ಆರಿಸಿದರು, ಜನವರಿ. ಉಳಿದ ದುಡ್ಡಿನಲ್ಲಿ ಅಕ್ಕ ತಮ್ಮನನ್ನೂ ಜೊತೆಗೆ ಕಳಿಸುತ್ತೇನೆ ಅಂದಳು. ಅಮ್ಮ ಕೇಳಿದ ಕೊನೆಯ ಪ್ರಶ್ನೆ "ಅಲ್ಲಿ ಮೀನು ಸಾರು ಸಿಗ್ತದಾ?" ಅದಕ್ಕೆ ನಮ್ಮಲ್ಲಿ ಸೂತ್ರ ಇಲ್ಲ.

ಹಾಗಾದರೆ ಹಿಂದಿನ ಬಾಲ್ಕನಿ ಯಾರಿಗೆ?

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಆಗುಂಬೆಯ ತಿರುವುಗಳನ್ನು ಹತ್ತಿಯೂ ಗೋಳಿಬಜೆ ತಿನ್ನಬಲ್ಲವರಿಗೆ ಅದು ಒಳ್ಳೆಯ ಜಾಗ. ಗಾಳಿ ಕಮ್ಮಿ, ನೋಟ ಅಗಲ, ಎಷ್ಟೋ ಹಡಗುಗಳಲ್ಲಿ ಅಲ್ಲಿನ ಬಾಲ್ಕನಿ ಬದಿಯದಕ್ಕಿಂತ ದೊಡ್ಡದು. ಆದರೆ ಬುಕ್ ಮಾಡುವ ಮೊದಲು ಇಷ್ಟು ನೋಡಿಕೊಳ್ಳಿ:

1. ಮೊದಲು ತಿಂಗಳು, ಆಮೇಲೆ ಕ್ಯಾಬಿನ್. ಡಿಸೆಂಬರಿನಿಂದ ಫೆಬ್ರವರಿ ಆದರೆ ಹಿಂಭಾಗಕ್ಕೂ ಹೆದರಬೇಕಾಗಿಲ್ಲ.

2. ಡೆಕ್ ಪ್ಲಾನ್ ತೆಗೆದು ನಿಮ್ಮ ಕ್ಯಾಬಿನಿನ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೆ ಊಟದ ಹಾಲ್ ಅಥವಾ ಈಜುಕೊಳ ಇದ್ದರೆ ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ಒಳ್ಳೆಯದು.

3. ತೀರಾ ಕೆಳಗಿನ ಡೆಕ್‌ನಲ್ಲಿ ಪ್ರೊಪೆಲ್ಲರ್ ನಡುಕ, ತೀರಾ ಮೇಲೆ ರೋಲ್ ಮತ್ತು ಮಸಿ. ಹಿಂಭಾಗದಲ್ಲಿ ನಡುವಿನ ಮಹಡಿ ವಾಸಿ.

4. ಮೆಟ್ಟಿಲಿನ ಹಾಗೆ ಇಳಿಜಾರಾಗಿ ಕಟ್ಟಿದ ಹಿಂಭಾಗ ಆದರೆ ಮೇಲಿನವರಿಗೆ ನಿಮ್ಮ ಬಾಲ್ಕನಿ ಪೂರ್ತಿ ಕಾಣುತ್ತದೆ. ಬಟ್ಟೆ ಒಣಗಿಸುವ ಪ್ಲಾನ್ ಇದ್ದರೆ ಯೋಚಿಸಿ.

5. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಲಿಫ್ಟ್ ಎಲ್ಲಿದೆ ನೋಡಿ. ಇನ್ನೂರು ಮೀಟರ್ ಕಾರಿಡಾರನ್ನು ದಿನಕ್ಕೆ ಆರು ಸಲ ನಡೆಯೋದು ಸುಲಭ ಅಲ್ಲ.

6. ಕಡಿಮೆ ರೇಟಿಗೆ "ಗ್ಯಾರಂಟಿ ಕ್ಯಾಬಿನ್" ಅಂತ ಸಿಗುತ್ತದೆ. ಅದರಲ್ಲಿ ಗ್ಯಾರಂಟಿ ಇರೋದು ಕ್ಯಾಬಿನಿನ ದರ್ಜೆಗೆ ಮಾತ್ರ, ಜಾಗಕ್ಕೆ ಅಲ್ಲ. ಜಾಗವನ್ನು ಕಂಪನಿಯೇ ಆರಿಸುತ್ತದೆ. ನಡುವೆಯೇ ಬೇಕು ಅಥವಾ ಹಿಂದೆಯೇ ಬೇಕು ಅಂದರೆ ನಂಬರ್ ನೋಡಿ ನೀವೇ ಆರಿಸಿ.

7. ಹಡಗು ಯಾವ ವರ್ಷದ್ದು ಅಂತ ನೋಡಿ. ಹಳೆಯ ಹಡಗುಗಳಲ್ಲಿ ಬಾಲ್ಕನಿಗಳೇ ಕಮ್ಮಿ. ಎಲ್ಲ ಕ್ಯಾಬಿನ್‌ಗಳೂ ಹೊರಮುಖವಾಗಿದ್ದ ರಾಯಲ್ ಪ್ರಿನ್ಸೆಸ್ 1984ರಲ್ಲಿ ಬಂದಾಗ ಅದೇ ದೊಡ್ಡ ಸುದ್ದಿ ಆಗಿತ್ತು. ಕರಾವಳಿಯ ನಮ್ಮ ಅಜ್ಜಂದಿರು ಆಗಬೋಟಿನಲ್ಲಿ ಮುಂಬೈಗೆ ಹೋಗುವಾಗ ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಅವರಿಗೆ ಇಡೀ ಹಡಗೇ ಬಾಲ್ಕನಿ.

ಕ್ರೂಸಿಗೆ ದುಡ್ಡಿಲ್ಲದವರಿಗೂ (ಅಂದರೆ ನಮ್ಮ ಹಾಸ್ಟೆಲಿನ ಎಲ್ಲರಿಗೂ) ಇದನ್ನು ಪರೀಕ್ಷೆ ಮಾಡುವ ದಾರಿ ಇದೆ. ಫೈಫಾಕ್ಸ್ ಅಂತ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಉಚಿತ ಆ್ಯಪ್ ಇದೆ. ಫೋನಿನ ಆಕ್ಸೆಲರೋಮೀಟರನ್ನು ಅದು ಓದುತ್ತದೆ. ಮುಂದಿನ ಸಲ ಸೈಂಟ್ ಮೇರೀಸ್‌ಗೆ ಹೋಗುವಾಗ ಮೂರು ಜನ ಮೂರು ಕಡೆ ಕೂತುಕೊಳ್ಳಿ: ಒಬ್ಬರು ಮುಂದೆ, ಒಬ್ಬರು ನಡುವೆ, ಒಬ್ಬರು ಹಿಂದೆ. ಲೈಫ್ ಜಾಕೆಟ್ ಹಾಕಿ, ಫೋನನ್ನು ಸೀಟಿನ ಮೇಲೆ ಗಟ್ಟಿಯಾಗಿ ಹಿಡಿದು ಐದು ನಿಮಿಷ ರೆಕಾರ್ಡ್ ಮಾಡಿ. ಮೇಲೆ ಕೆಳಗಿನ ವೇಗೋತ್ಕರ್ಷದ ಆರ್‌ಎಂಎಸ್ ತೆಗೆದು ಹೋಲಿಸಿ ನೋಡಿ. ಬೋಟು ಚಿಕ್ಕದು, ಅಲೆ ಬೇಗ ಬೇಗ ಬರುತ್ತದೆ, ಹಾಗಾಗಿ ಹಡಗಿನ ಅಂಕಿ ಬರೋದಿಲ್ಲ. ಆದರೆ ಯಾರದ್ದು ಕಮ್ಮಿ, ಯಾರದ್ದು ಜಾಸ್ತಿ ಅನ್ನುವ ಕ್ರಮ ಬರಬೇಕು. ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಯೋಚಿಸೋದು ಇನ್ನೂ ಒಳ್ಳೆಯ ಪ್ರಾಜೆಕ್ಟ್. ಗ್ರಾಫ್‌ಗಳನ್ನು ಸಂಘದ ಗ್ರೂಪಿಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುವ.